ಕೆರೆ ಏರಿಯಲ್ಲಿ ಬಿಲ, ಜೊಂಡಿನಲ್ಲಿ ಗುಡ್ಡೆ: ಇದು ‘ಮಸ್ಕ್‌ರ‍್ಯಾಟ್’ ಕೆಲಸವೇ? ಗುರುತು ಹಿಡಿಯುವುದು ಹೇಗೆ?

ಕೆರೆಯ ದಡದಲ್ಲಿ ದೊಡ್ಡ ಬಿಲ, ನೀರಿನ ನಡುವೆ ಹುಲ್ಲಿನ ಗುಡ್ಡೆ, ಜೊತೆಗೆ ಒದ್ದೆ ಮೈಯ ದಪ್ಪ ಇಲಿಯೊಂದರ ಚಿತ್ರ. ಕೆಳಗೆ ‘ನಮ್ಮೂರ ಕೆರೆಗೆ ಮಸ್ಕ್‌ರ‍್ಯಾಟ್ ಬಂದಿದೆ, ಎಲ್ಲರಿಗೂ ತಿಳಿಸಿ’ ಎಂಬ ಸಾಲು. ಇಂತಹ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೆ ಬಂದರೆ ಏನು ಮಾಡಬೇಕು? ತುಮಕೂರು ರಸ್ತೆಯ ಮಾಕಳಿ, ಮಾದಾವರ, ದೊಡ್ಡಬಿದರಕಲ್ಲು ಸುತ್ತಮುತ್ತ ಕಾರ್ಖಾನೆ, ಗೋದಾಮು, ಬಡಾವಣೆಗಳ ನಡುವೆಯೇ ಕೆರೆಗಳಿವೆ. ಅಲ್ಲಿ ವಾಕಿಂಗ್ ಹೋಗುವವರ ಕಣ್ಣಿಗೆ ಬಿಲ, ಗುಡ್ಡೆಗಳು ಬೀಳುವುದು ಸಹಜ. ಅವುಗಳನ್ನು ಮಾಡಿದವರು ಯಾರು ಎಂದು ತಿಳಿಯುವ ಬಗೆ ಇಲ್ಲಿದೆ.

ಚುಟುಕಾಗಿ ಹೇಳುವುದಾದರೆ

- ಮಸ್ಕ್‌ರ‍್ಯಾಟ್ ಭಾರತದ ಪ್ರಾಣಿ ಅಲ್ಲ. ನಮ್ಮ ಕೆರೆಗಳಲ್ಲಿ ಅದು ಇಲ್ಲ.
- ಏರಿಯಲ್ಲಿ ಕಾಣುವ ದೊಡ್ಡ ಬಿಲ ಹೆಚ್ಚಾಗಿ ಹೆಗ್ಗಣದ್ದು. ನೀರಿನ ಮೇಲಿನ ಗುಡ್ಡೆ ಹೆಚ್ಚಾಗಿ ಹಕ್ಕಿಯ ಗೂಡು.
- ಪ್ರಾಣಿಯ ಹೆಸರಿಗಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ: ಬಿಲದಿಂದ ನೀರು ಬರುತ್ತಿದೆಯೇ? ಬರುತ್ತಿದ್ದರೆ ಅದು ತಿಳಿಯಾಗಿದೆಯೇ, ಕದಡಿದೆಯೇ?

ಮಸ್ಕ್‌ರ‍್ಯಾಟ್ ಎಂದರೆ ಏನು?

ಇದು ಉತ್ತರ ಅಮೆರಿಕದ ಜೌಗು ಪ್ರದೇಶಗಳಲ್ಲಿ ಬದುಕುವ ದಂಶಕ, ಅಂದರೆ ಇಲಿಯಂತೆ ಕಡಿಯುವ ಹಲ್ಲಿರುವ ಪ್ರಾಣಿ. ತೂಕ ಸಾಮಾನ್ಯವಾಗಿ ಒಂದು ಕಿಲೋ ಆಸುಪಾಸು. ಬಾಲ ದುಂಡಗಿರುವುದಿಲ್ಲ, ಎರಡೂ ಮಗ್ಗುಲಿನಿಂದ ಒತ್ತಿದಂತೆ ಚಪ್ಪಟೆಯಾಗಿರುತ್ತದೆ. ಈಜುವಾಗ ಅದೇ ಚುಕ್ಕಾಣಿ.

ಅದು ಇರುವ ದೇಶಗಳಲ್ಲಿ ಈ ಗುರುತುಗಳಿಂದ ಪತ್ತೆ ಹಚ್ಚುತ್ತಾರೆ:

- ಜೊಂಡು ಮತ್ತು ಕೆಸರನ್ನು ಪೇರಿಸಿ ನೀರಿನ ನಡುವೆ ಕಟ್ಟಿದ ಗುಮ್ಮಟದಂತಹ ಮನೆ. ನೀರಿನಿಂದ ಒಂದು ಮೀಟರ್‌ನಷ್ಟು ಎತ್ತರಕ್ಕೂ ಇರಬಹುದು.
- ದಡದಲ್ಲಿ ಕೊರೆದ ಬಿಲ. ಅದರ ಬಾಯಿ ನೀರಿನ ಕೆಳಗೆ ಇರುತ್ತದೆ.
- ಕತ್ತರಿಸಿದ ಜೊಂಡಿನ ತುಂಡುಗಳು ರಾಶಿ ಬಿದ್ದಿರುವ ‘ಊಟದ ಜಾಗ’.
- ಜೊಂಡಿನ ನಡುವೆ ಓಡಾಡಿ ಸವೆದ ನೀರಿನ ಕಾಲುದಾರಿ.

ತುಪ್ಪಳಕ್ಕಾಗಿ ಇದನ್ನು ಬೇರೆ ಖಂಡಗಳಿಗೂ ಒಯ್ದರು. 1905ರಲ್ಲಿ ಪ್ರಾಗ್ ನಗರದ ಬಳಿ ಬಿಟ್ಟ ಕೆಲವೇ ಪ್ರಾಣಿಗಳ ಸಂತತಿ ಯುರೋಪಿನ ಬಹುಭಾಗಕ್ಕೆ ಹಬ್ಬಿತು. ನೆದರ್‌ಲೆಂಡ್ಸ್‌ನಲ್ಲಿ ನೀರು ತಡೆಯುವ ಒಡ್ಡುಗಳನ್ನು ಉಳಿಸಿಕೊಳ್ಳಲು ಮಸ್ಕ್‌ರ‍್ಯಾಟ್ ಹಿಡಿಯುವುದೇ ಒಂದು ಸರ್ಕಾರಿ ಕೆಲಸವಾಗಿದೆ. 2017ರಲ್ಲಿ ಐರೋಪ್ಯ ಒಕ್ಕೂಟ ಇದನ್ನು ಆಕ್ರಮಣಕಾರಿ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಹೀಗಾಗಿ ಅಂತರ್ಜಾಲದಲ್ಲಿ ‘ಕೆರೆ ದಡದ ಬಿಲ’ ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಮೊದಲು ಸಿಗುವುದೇ ಇದರ ಚಿತ್ರ. ನಮ್ಮಲ್ಲಿ ಗೊಂದಲ ಹುಟ್ಟಲು ಅದೂ ಒಂದು ಕಾರಣ.

ಹಾಗಾದರೆ ನಮ್ಮ ‘ಕಸ್ತೂರಿ ಇಲಿ’ ಯಾವುದು?

ಗೊಂದಲಕ್ಕೆ ಇನ್ನೊಂದು ಕಾರಣ ಹೆಸರು. ಬ್ರಿಟಿಷರ ಕಾಲದಲ್ಲಿ ಇಲ್ಲಿದ್ದ ಇಂಗ್ಲಿಷರು ನಮ್ಮ ಮನೆಗಳ ಸುಂಡಿಲಿಯನ್ನೇ ‘ಮಸ್ಕ್‌ರ‍್ಯಾಟ್’ ಎನ್ನುತ್ತಿದ್ದರು. 1894ರಲ್ಲಿ ಬಂದ ರಡ್ಯರ್ಡ್ ಕಿಪ್ಲಿಂಗ್ ಅವರ ‘ದಿ ಜಂಗಲ್ ಬುಕ್’ನಲ್ಲಿ ಬರುವ ಚುಚುಂದ್ರ ಎಂಬ ‘ಮಸ್ಕ್‌ರ‍್ಯಾಟ್’ ಕೂಡ ಸುಂಡಿಲಿಯೇ.

ಸುಂಡಿಲಿಯನ್ನು ಕೆಲವೆಡೆ ಮೂಗಿಲಿ ಎಂದೂ ಕರೆಯುತ್ತಾರೆ. ಚೂಪು ಮೂತಿ, ಚುಕ್ಕೆಯಂತಹ ಕಣ್ಣು, ಚೀರುವ ದನಿ, ಮೈಯ ಗ್ರಂಥಿಗಳಿಂದ ಬರುವ ಘಾಟು ವಾಸನೆ ಇದರ ಗುರುತು. ಹೆಸರಿನಲ್ಲಿ ಇಲಿ ಇದ್ದರೂ ಇದು ಇಲಿಯ ಜಾತಿಗೆ ಸೇರಿಲ್ಲ. ಜಿರಲೆ, ಹುಳು-ಹುಪ್ಪಟೆಗಳೇ ಇದರ ಮುಖ್ಯ ಆಹಾರ. ಮರಿಗಳು ಒಂದರ ಹಿಂದೊಂದು ಕಚ್ಚಿ ಹಿಡಿದು ತಾಯಿಯ ಹಿಂದೆ ರೈಲಿನಂತೆ ಸಾಗುವ ವಿಡಿಯೊ ನೀವು ನೋಡಿರಬಹುದು. ಅದನ್ನು ‘ವಿಚಿತ್ರ ಹಾವು’ ಎಂದು ಹಂಚುವವರೂ ಇದ್ದಾರೆ. ಅದು ಹಾವಲ್ಲ, ಸುಂಡಿಲಿಯ ಸಂಸಾರ. ಕೆರೆಯ ಏರಿ ಕೊರೆಯುವ ಶಕ್ತಿ ಇದಕ್ಕಿಲ್ಲ.

ಬಿಲ ನೋಡಿ ಗುರುತಿಸುವುದು ಹೇಗೆ?

*ಹೆಗ್ಗಣ:* ಮುಷ್ಟಿ ಹಿಡಿಸುವಷ್ಟು ಅಥವಾ ಅದಕ್ಕೂ ಅಗಲವಾದ ಬಾಯಿ. ಮುಂದೆ ಹೊಸದಾಗಿ ಎತ್ತಿ ಹಾಕಿದ ಮಣ್ಣಿನ ಗುಪ್ಪೆ. ಇದೇ ಅದರ ಸಹಿ. ಕೆಲವು ಬಾಯಿಗಳು ಸಡಿಲ ಮಣ್ಣಿನಿಂದ ಮುಚ್ಚಿರುತ್ತವೆ. ಹತ್ತಿರದಲ್ಲಿ ಹುಲ್ಲು ಸವೆದ ಸಣ್ಣ ದಾರಿ, ಸುಮಾರು 2 ಸೆಂಟಿಮೀಟರ್ ಉದ್ದದ ಹಿಕ್ಕೆ, ಎಳೆದು ತಂದ ಕಸ ಕಾಣಬಹುದು. ಒಂದು ಬಿಲಕ್ಕೆ ಹಲವು ಬಾಯಿಗಳಿರುತ್ತವೆ. ಹೆಗ್ಗಣ ಚೆನ್ನಾಗಿ ಈಜುತ್ತದೆ. ಆದ್ದರಿಂದ ‘ನೀರಿಗಿಳಿದ ದೊಡ್ಡ ಇಲಿ’ ಕಂಡರೆ ಮೊದಲು ನೆನಪಿಗೆ ಬರಬೇಕಾದದ್ದು ಇದು. ಬಾಲ ದುಂಡಗಿದ್ದು ತುದಿಗೆ ಹೋದಂತೆ ಸಣ್ಣಗಾಗುತ್ತದೆ. ಅಂದ ಹಾಗೆ, ಇಂಗ್ಲಿಷಿನ ‘ಬ್ಯಾಂಡಿಕೂಟ್’ ಎಂಬ ಪದ ಬಂದದ್ದೇ ತೆಲುಗಿನ ‘ಪಂದಿಕೊಕ್ಕು’ ಎಂಬುದರಿಂದ, ಅಂದರೆ ಹಂದಿ-ಇಲಿ.

*ಏಡಿ:* ನೀರಿನ ಅಂಚಿಗೆ ಹತ್ತಿರ, ಒದ್ದೆ ಮಣ್ಣಿನಲ್ಲಿ ದುಂಡನೆಯ ತೂತು. ಬಾಯಿಯ ಸುತ್ತ ಒಣ ಮಣ್ಣಿನ ಗುಪ್ಪೆಯ ಬದಲು ಕೆಸರಿನ ಉಂಡೆಗಳು. ಗದ್ದೆಯ ಬದುಗಳಲ್ಲಿ ಕಾಣುವುದೂ ಇದೇ.

*ಮಿಂಚುಳ್ಳಿ:* ನೆಟ್ಟಗೆ ನಿಂತ ಮಣ್ಣಿನ ಗೋಡೆಯಲ್ಲಿ, ಕೈಗೆ ಎಟುಕದ ಎತ್ತರದಲ್ಲಿ ಒಂದೇ ಒಂದು ತೂತು. ಬಾಯಿಯ ಕೆಳಗೆ ಬಿಳಿಯ ಹಿಕ್ಕೆಯ ಗೆರೆ.

*ಹಾವು:* ಹಾವಿನ ಬಿಲ ಎಂದು ನಾವು ಹೇಳುವುದೇನೋ ಹೌದು. ಆದರೆ ನಾಗರಹಾವು, ಕೇರೆಹಾವು, ಕೊಳಕುಮಂಡಲಗಳು ಬಿಲ ತೋಡುವುದಿಲ್ಲ. ಗೆದ್ದಲು ಕಟ್ಟಿದ ಹುತ್ತಕ್ಕೆ, ಇಲಿ-ಹೆಗ್ಗಣ ತೋಡಿದ ಬಿಲಕ್ಕೆ ಸೇರಿಕೊಳ್ಳುತ್ತವೆ. ಹೆಗ್ಗಣದ ಬಿಲವಾದರೂ ಒಳಗೆ ಹಾವಿರಬಹುದು. ಕೈ, ಕೋಲು, ಮೊಬೈಲ್ ಯಾವುದನ್ನೂ ಒಳಗೆ ತೂರಿಸಬೇಡಿ.

ನೀರಿನ ಮೇಲಿನ ಗುಡ್ಡೆ ಯಾರದ್ದು?

ಮಸ್ಕ್‌ರ‍್ಯಾಟ್ ಮನೆಯಂತೆ ಕಾಣುವ ಗುಡ್ಡೆಗಳು ನಮ್ಮ ಕೆರೆಗಳಲ್ಲೂ ಇವೆ. ಕಟ್ಟಿದವರು ಬೇರೆ.

*ಗುಳುಮುಳುಕ:* ಆಗಾಗ ಮುಳುಗಿ ಬೇರೆಡೆ ಏಳುವ ಪುಟ್ಟ ನೀರುಹಕ್ಕಿ. ಕೊಳೆತ ಜಲಸಸ್ಯಗಳನ್ನು ಪೇರಿಸಿ ತೇಲುವ ಗೂಡು ಕಟ್ಟುತ್ತದೆ. ಗೂಡು ಬಿಟ್ಟು ಹೋಗುವಾಗ ಮೊಟ್ಟೆಗಳ ಮೇಲೆ ಕಳೆ ಮುಚ್ಚುತ್ತದೆ. ಹೊರಗಿನಿಂದ ನೋಡಿದರೆ ಬರಿಯ ಕಸದ ಗುಡ್ಡೆ. ಕೆರೆ ಸ್ವಚ್ಛತೆಗೆ ಇಳಿದವರು ಇದನ್ನು ಎಳೆದು ಹಾಕಿದರೆ ಮೊಟ್ಟೆಗಳೂ ಹೋದಂತೆ.

*ನೇರಳೆ ಜಂಬುಕೋಳಿ:* ನೀಲಿ-ನೇರಳೆ ಮೈ, ಕೆಂಪು ಕೊಕ್ಕು, ಉದ್ದ ಕಾಲು. ಜೊಂಡನ್ನು ಮುರಿದು, ಬಗ್ಗಿಸಿ, ತುಳಿದು ಜಗಲಿಯಂತೆ ಮಾಡಿಕೊಳ್ಳುತ್ತದೆ. ಎಳೆಯ ಜೊಂಡನ್ನು ಕಿತ್ತು ತಿರುಳು ತಿನ್ನುತ್ತದೆ. ಸುತ್ತ ತುಂಡು ಜೊಂಡು ಬಿದ್ದಿರುತ್ತದೆ. ಮಸ್ಕ್‌ರ‍್ಯಾಟ್‌ನ ‘ಊಟದ ಜಾಗ’ ಎಂದು ಮೋಸ ಹೋಗಲು ಇಷ್ಟು ಸಾಕು.

ಅದು ನೀರುನಾಯಿ ಆಗಿರಬಹುದೇ?

ಕಾವೇರಿ, ತುಂಗಭದ್ರಾ ನದಿಗಳ ದಡದವರಾದರೆ ಈ ಪ್ರಶ್ನೆ ಸರಿ. ನೀರುನಾಯಿ ಇಲಿಗಿಂತ ಬಹಳ ದೊಡ್ಡದು, ಗುಂಪಾಗಿ ಓಡಾಡುತ್ತದೆ. ಬಂಡೆಯ ಮೇಲೆ ಮೀನಿನ ಹುರುಪೆ, ಮುಳ್ಳು ತುಂಬಿದ, ಮೀನಿನ ಗಾಢ ವಾಸನೆಯ ಹಿಕ್ಕೆ ಬಿಡುತ್ತದೆ. ಮರಳಿನಲ್ಲಿ ಐದು ಬೆರಳಿನ, ನಡುವೆ ಪೊರೆಯಿರುವ ಹೆಜ್ಜೆ ಮೂಡುತ್ತದೆ. 2015ರಲ್ಲಿ ಕರ್ನಾಟಕ ಸರ್ಕಾರ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ತುಂಗಭದ್ರಾ ಹರಿವನ್ನು ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ನೀರುನಾಯಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ‘ಅಪಾಯಕಾರಿ ಪ್ರಾಣಿ’ ಎಂಬ ಸುಳ್ಳು ಸಂದೇಶ ಅದರ ಜೀವಕ್ಕೇ ಮುಳುವಾಗಬಹುದು.

ನಿಜವಾಗಿ ಚಿಂತಿಸಬೇಕಾದದ್ದು ಯಾವುದಕ್ಕೆ?

ಮಸ್ಕ್‌ರ‍್ಯಾಟ್ ಇಲ್ಲವೆಂದ ಮಾತ್ರಕ್ಕೆ ಬಿಲವನ್ನು ಕಡೆಗಣಿಸುವಂತಿಲ್ಲ. ನಮ್ಮ ಹಳೆಯ ಕೆರೆಗಳ ಏರಿ ಮಣ್ಣಿನದು. ಮಳೆಗಾಲದಲ್ಲಿ ನೀರು ಏರಿದಾಗ ಬಿಲ ಒಂದು ಸಿದ್ಧ ಕೊಳವೆಯಾಗುತ್ತದೆ. ನೀರು ಅದರೊಳಗೆ ನುಸುಳಿ, ಹೊರಗೆ ಬರುವಾಗ ಮಣ್ಣನ್ನೂ ಹೊತ್ತು ತರುತ್ತದೆ. ಮಣ್ಣು ಹೋದಷ್ಟು ದಾರಿ ಅಗಲ, ದಾರಿ ಅಗಲವಾದಷ್ಟು ನೀರು ಜೋರು. ಕೊನೆಗೆ ಮೇಲಿನ ಮಣ್ಣು ಕುಸಿಯುತ್ತದೆ.

ಅಮೆರಿಕದ ಮಿಸೌರಿ ರಾಜ್ಯದ ವಿನ್‌ಫೀಲ್ಡ್‌ನಲ್ಲಿ 2008ರ ಜೂನ್ 27ರಂದು ಹೀಗೇ ಆಯಿತು. ಮಿಸಿಸಿಪ್ಪಿ ನದಿಯ ಪ್ರವಾಹಕ್ಕೆ ಮರಳು ಚೀಲಗಳನ್ನು ಪೇರಿಸಿ ಕಾಪಾಡುತ್ತಿದ್ದ ಒಡ್ಡು, ಮಸ್ಕ್‌ರ‍್ಯಾಟ್ ತೋಡಿದ ಬಿಲದ ಮೂಲಕ ನೀರು ನುಗ್ಗಿ ಒಡೆಯಿತು.

ಏರಿ ಒಡೆದರೆ ಏನಾಗುತ್ತದೆ ಎಂಬುದು ಬೆಂಗಳೂರಿಗೆ ಗೊತ್ತು. 2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಅಲ್ಲಿ ಹೆಗ್ಗಣದ ಮಾತು ಬರಲಿಲ್ಲ, ಏರಿಯನ್ನು ಮನುಷ್ಯರೇ ಅಗೆದದ್ದು ಕಾರಣವೆಂದು ವರದಿಯಾಯಿತು. ಕಾರಣ ಯಾವುದೇ ಇರಲಿ, ಮಣ್ಣಿನ ಏರಿಯಲ್ಲಿ ತೂತು ತೂತೇ. ಹಿಂದೆ ಊರಿನ ನೀರುಗಂಟಿ ಏರಿ, ತೂಬು, ಕೋಡಿಗಳ ಮೇಲೆ ಕಣ್ಣಿಡುತ್ತಿದ್ದ. ಈಗ ಬೆಳಗಿನ ವಾಕಿಂಗ್‌ನವರೇ ಆ ಕಣ್ಣಾಗಬಹುದು.

ಏರಿಯ ಹೊರ ಮಗ್ಗುಲಲ್ಲಿ, ಅಂದರೆ ನೀರಿಲ್ಲದ ಬದಿಯಲ್ಲಿ, ಈ ನಾಲ್ಕನ್ನು ನೋಡಿ:

1. ಬಿಲ ಒಣಗಿದೆ, ಏರಿ ಗಟ್ಟಿಯಾಗಿದೆ: ಗಾಬರಿ ಬೇಡ. ಮಳೆಗಾಲಕ್ಕೆ ಮುನ್ನ ಸಂಬಂಧಪಟ್ಟವರಿಗೆ ತಿಳಿಸಿ.
2. ತಿಳಿ ನೀರು ಜಿನುಗುತ್ತಿದೆ: ಅಂದೇ ತಿಳಿಸಿ. ಮರುದಿನ ಮತ್ತೆ ನೋಡಿ, ಹೆಚ್ಚಾಗಿದೆಯೇ ಗಮನಿಸಿ.
3. ಕದಡಿದ, ಮಣ್ಣು ಬೆರೆತ ನೀರು ಬರುತ್ತಿದೆ: ಇದು ತುರ್ತು. ಏರಿಯ ಒಳಗಿನ ಮಣ್ಣು ಕೊಚ್ಚಿ ಹೋಗುತ್ತಿದೆ ಎಂದರ್ಥ. 112ಕ್ಕೆ ಕರೆ ಮಾಡಿ, ಕೆಳಗಿನ ಮನೆಯವರನ್ನು ಎಚ್ಚರಿಸಿ, ಏರಿಯ ಮೇಲೆ ನಿಲ್ಲಬೇಡಿ.
4. ಏರಿಯ ಮೇಲೆ ಗುಳಿ ಅಥವಾ ಉದ್ದ ಬಿರುಕು ಕಂಡಿದೆ: ಇದೂ ತುರ್ತೇ.

ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರಿಗೆ ದೂರು ಕೊಡಬೇಕು: ಗ್ರಾಮ ಪಂಚಾಯಿತಿ, ಸಣ್ಣ ನೀರಾವರಿ ಇಲಾಖೆ ಅಥವಾ ನಗರಾಡಳಿತ. ಬಿಲಕ್ಕೆ ಕಲ್ಲು, ಪ್ಲಾಸ್ಟಿಕ್ ತುರುಕಿ ಮುಚ್ಚುವುದು ಪರಿಹಾರವಲ್ಲ. ಒಳಗಿನ ಟೊಳ್ಳು ಹಾಗೇ ಉಳಿಯುತ್ತದೆ. ಬಿಲವನ್ನು ಪೂರ್ತಿ ತೆರೆದು, ಪದರ ಪದರವಾಗಿ ಮಣ್ಣು ತುಂಬಿ ದಮ್ಮಸು ಮಾಡಬೇಕು. ನೀರು ನಿಂತ ಕೆರೆಯಲ್ಲಿ ಈ ಕೆಲಸ ಎಂಜಿನಿಯರ್ ಉಸ್ತುವಾರಿಯಲ್ಲೇ ಆಗಬೇಕು.

ವಿಷ ಇಡುವುದೂ ಬೇಡ. ವಿಷ ತಿಂದ ಹೆಗ್ಗಣವನ್ನು ತಿಂದ ಗೂಬೆ, ಬೆಕ್ಕುಗಳೂ ಸಾಯುತ್ತವೆ. ಹೆಗ್ಗಣವನ್ನು ಏರಿಗೆ ಕರೆದು ತರುವುದೇ ಅಲ್ಲಿ ಸುರಿದ ಹೋಟೆಲ್ ಕಸ, ಕೋಳಿ ಅಂಗಡಿ ತ್ಯಾಜ್ಯ. ಅದು ನಿಂತರೆ ಅರ್ಧ ಕೆಲಸ ಮುಗಿದಂತೆ.

ಆರೋಗ್ಯದ ಮಾತು

ಇಲಿ, ಹೆಗ್ಗಣಗಳ ಮೂತ್ರ ಬೆರೆತ ನೀರು-ಕೆಸರಿನಿಂದ ಇಲಿಜ್ವರ ಬರಬಹುದು. ಇದಕ್ಕೆ ಕಾರಣ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ. ದನ, ಹಂದಿ, ನಾಯಿಗಳಿಂದಲೂ ಹರಡುತ್ತದೆ. ಕಾಲಿನ ಗಾಯ, ಕಣ್ಣು, ಬಾಯಿಯ ಮೂಲಕ ದೇಹ ಸೇರುತ್ತದೆ. ಕೊಳಕು ನೀರಿಗೆ ಇಳಿದ 5ರಿಂದ 14 ದಿನಗಳಲ್ಲಿ ಜ್ವರ, ಮೀನಖಂಡದಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು ಕಂಡರೆ ‘ನೀರಿಗೆ ಇಳಿದಿದ್ದೆ’ ಎಂದು ವೈದ್ಯರಿಗೆ ಮರೆಯದೆ ಹೇಳಿ. ಬೇಗ ಗುರುತಿಸಿದರೆ ಆ್ಯಂಟಿಬಯೋಟಿಕ್‌ನಿಂದ ಗುಣವಾಗುತ್ತದೆ. ತಡವಾದರೆ ಮೂತ್ರಪಿಂಡ, ಯಕೃತ್ತಿಗೆ ತೊಂದರೆಯಾಗಬಹುದು. ಕೆರೆ ಸ್ವಚ್ಛತೆಗೆ ಹೋಗುವವರು ಗಮ್‌ಬೂಟ್, ಕೈಗವಸು ಹಾಕಿಕೊಳ್ಳಿ.

ಫಾರ್ವರ್ಡ್ ಮಾಡುವ ಮುನ್ನ

- ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಬೇರೆ ದೇಶದ ಹಳೆಯ ಚಿತ್ರವಾದರೆ ಹೆಚ್ಚಾಗಿ ಅಲ್ಲೇ ಗೊತ್ತಾಗುತ್ತದೆ.
- ಬಾಲ ನೋಡಿ: ಮಗ್ಗುಲಿನಿಂದ ಚಪ್ಪಟೆಯೇ, ದುಂಡಗಿದೆಯೇ?
- ನೀವೇ ಫೋಟೊ ತೆಗೆದರೆ ಪಕ್ಕದಲ್ಲಿ ಒಂದು ಪೆನ್ನು ಅಥವಾ ಚಪ್ಪಲಿ ಇಡಿ. ಬಿಲದ ಗಾತ್ರ ತಿಳಿಯುತ್ತದೆ.
- ಕೆರೆಯ ಹೆಸರು, ಏರಿಯ ಯಾವ ಜಾಗ, ದಿನಾಂಕ, ನೀರು ಜಿನುಗುತ್ತಿದೆಯೇ ಎಂಬುದನ್ನು ಬರೆಯಿರಿ.

‘ಮಸ್ಕ್‌ರ‍್ಯಾಟ್ ಬಂದಿದೆ’ ಎಂಬ ಸಂದೇಶದಿಂದ ಯಾರಿಗೂ ಉಪಯೋಗವಿಲ್ಲ. ‘ಏರಿಯ ತೂಬಿನ ಪಕ್ಕದ ಹೆಗ್ಗಣದ ಬಿಲದಿಂದ ಇವತ್ತು ಬೆಳಿಗ್ಗೆ ಕದಡಿದ ನೀರು ಬರುತ್ತಿದೆ’ ಎಂಬ ಒಂದು ಸಾಲು, ಫೋಟೊ ಸಮೇತ ಸರಿಯಾದವರಿಗೆ ತಲುಪಿದರೆ, ಕೆಳಗಿನ ಮನೆಗಳು ಉಳಿಯಬಹುದು.