ರೂ ಪಾತ್ರೆಗಳು: ಅರಮನೆ ಅಳಿದ ಮೇಲೆ

ಚೀನದ ಸೆಲಡಾನ್ ಪಾತ್ರೆಗಳಲ್ಲಿ ಅತ್ಯಂತ ವಿರಳವಾದುವು ಉತ್ತರ ಸಾಂಗ್ ಅರಮನೆಗೆಂದು ಸಿದ್ಧವಾದ ರೂ ಪಾತ್ರೆಗಳು. ಇಡಿಯಾಗಿ ಉಳಿದು ಬಂದಿರುವುವು ನೂರಕ್ಕೂ ಕಡಿಮೆ. ಅವುಗಳ ಮೇಲೆ ಬಣ್ಣದ ಚಿತ್ತಾರವಿಲ್ಲ. ಚೆಲುವೆಲ್ಲ ತಿಳಿನೀಲಿ ಬೆರೆತ ಹಸಿರು ಮೆರುಗಿನದು. ಮೆರುಗಿನಲ್ಲಿರುವ ಅತ್ಯಲ್ಪ ಕಬ್ಬಿಣವು, ಆವಿಗೆಯೊಳಗಿನ ಗಾಳಿಯನ್ನು ತಗ್ಗಿಸಿ ಸುಟ್ಟಾಗ ಈ ವರ್ಣವನ್ನು ತಾಳುತ್ತದೆ. ಗಾಳಿ ಮಿಕ್ಕರೆ ಹಳದಿಗೆ ತಿರುಗುತ್ತದೆ. ತಳಕ್ಕೂ ಮೆರುಗು ಬಳಿಯುತ್ತಿದ್ದುದರಿಂದ ಪಾತ್ರೆಯನ್ನು ಮಣ್ಣಿನ ಸಣ್ಣ ಮೊಳೆಗಳ ಮೇಲೆ ನಿಲ್ಲಿಸಿ ಸುಡಬೇಕಾಗಿತ್ತು. ಆ ಮೊಳೆಗಳು ಉಳಿಸಿದ ಎಳ್ಳುಕಾಳಿನಷ್ಟು ಗುರುತುಗಳು ಇಂದಿಗೂ ರೂ ಪಾತ್ರೆಯ ಮುಖ್ಯ ಲಕ್ಷಣ.

1127ರಲ್ಲಿ ಜುರ್ಚೆನ್ನರ ಸೇನೆ ರಾಜಧಾನಿ ಕೈಫೆಂಗನ್ನು ಕೊಳ್ಳೆ ಹೊಡೆಯಿತು. ಕಲಾರಸಿಕನೆಂದು ಹೆಸರಾದ ಹುಯಿಜಾಂಗ್ ಚಕ್ರವರ್ತಿಯೂ ಆಗಷ್ಟೇ ಪಟ್ಟವೇರಿದ್ದ ಅವನ ಹಿರಿಯ ಮಗನೂ ಸೆರೆಯಾದರು. ಇನ್ನೊಬ್ಬ ಮಗ ಗಾವೋಜಾಂಗ್ ದಕ್ಷಿಣಕ್ಕೆ ಸರಿದು ಹಾಂಗ್‌ಝೌನಲ್ಲಿ ನೆಲೆಯೂರಿದ. ಆವಿಗೆಗಳಿದ್ದ ನೆಲ ಕೈತಪ್ಪಿತ್ತು.

ಅರಮನೆ ಆರಿಸಿ ಬಿಟ್ಟ ಪಾತ್ರೆಗಳನ್ನು ಮಾತ್ರ ಹೊರಗೆ ಮಾರಬಹುದಾಗಿತ್ತೆಂದೂ, ತನ್ನ ಕಾಲಕ್ಕೆ ಅವು ದೊರೆಯುವುದೇ ಕಷ್ಟವೆಂದೂ ಅದೇ ಶತಮಾನದ ಝೌ ಹುಯಿ ಬರೆದಿದ್ದಾನೆ. 1151ರಲ್ಲಿ ಸೇನಾನಿ ಝಾಂಗ್ ಜುನ್ ತನ್ನ ಮನೆಗೆ ಬಂದ ಗಾವೋಜಾಂಗನಿಗೆ ಒಪ್ಪಿಸಿದ ಕಾಣಿಕೆಗಳಲ್ಲಿ 16 ರೂ ಪಾತ್ರೆಗಳಿದ್ದವು. ಒಂದು ಕಾಲಕ್ಕೆ ಬೇಡವಾದುದನ್ನು ಪೇಟೆಗೆ ಬಿಡುತ್ತಿದ್ದ ಅರಮನೆ, ಕಾಲು ಶತಮಾನದೊಳಗೆ ಅದೇ ಪಾತ್ರೆಗಳನ್ನು ಪ್ರಜೆಯ ಕೈಯಿಂದ ಕಾಣಿಕೆಯಾಗಿ ಪಡೆಯಿತು. ಕಳೆದುಕೊಂಡ ನಾಡಿನ ನೆನಪು ಆ ಹದಿನಾರರಲ್ಲಿ ಇಲ್ಲದಿರಲಾರದು. ಹಾಂಗ್‌ಝೌನಲ್ಲಿ ಹೊಸ ಅರಮನೆ ಆವಿಗೆಗಳೂ ಎದ್ದವು. ಅಲ್ಲಿನ ಗ್ವಾನ್ ಪಾತ್ರೆಗಳು ಸುಂದರವೇ, ಆದರೆ ಮಣ್ಣು ಬೇರೆ.

ಹದಿನೆಂಟನೆಯ ಶತಮಾನದಲ್ಲಿ ಚಿಯೆನ್‌ಲಾಂಗ್ ಚಕ್ರವರ್ತಿ ಹಲವು ರೂ ಪಾತ್ರೆಗಳ ತಳದಲ್ಲಿ ತನ್ನ ಕವಿತೆಗಳನ್ನು ಕೆತ್ತಿಸಿದ. ಅಭಿಮಾನದ ಅತಿರೇಕವೆನ್ನದೆ ಗತ್ಯಂತರವಿಲ್ಲ.

ಮೂಲ ಆವಿಗೆ ಮಾತ್ರ ಕಣ್ಮರೆಯಾಗಿತ್ತು. ಹೆಸರನ್ನು ನಂಬಿದ ವಿದ್ವಾಂಸರು ಇಂದಿನ ರೂಝೌ ಸುತ್ತ ಬಹುಕಾಲ ಹುಡುಕಿದರು. ಅದು ಇದ್ದುದು ಹೆನಾನ್ ಪ್ರಾಂತದ ನೆರೆಯ ಬಾವೋಫೆಂಗ್‌ನ ಚಿಂಗ್‌ಲಿಯಾಂಗ್‌ಸಿ ಗ್ರಾಮದಲ್ಲಿ. ಸಾಂಗ್ ಕಾಲದಲ್ಲಿ ಬಾವೋಫೆಂಗ್ ಕೂಡ ರೂಝೌ ಸೀಮೆಗೆ ಸೇರಿತ್ತು. ಆಡಳಿತದ ಗಡಿ ಸರಿದಿತ್ತು, ಪಾತ್ರೆಗೆ ಹಳೆಯ ಸೀಮೆಯ ಹೆಸರೇ ಉಳಿದಿತ್ತು. 1987ರಲ್ಲಿ ಅಲ್ಲಿ ಉತ್ಖನನ ತೊಡಗಿತು. 2000ದ ವೇಳೆಗೆ ಊರಿನ ಮನೆಗಳ ನಡುವೆಯೇ ಅರಮನೆಯ ಪಾತ್ರೆಗಳನ್ನು ಸುಟ್ಟ ಆವಿಗೆಗಳು ಬೆಳಕಿಗೆ ಬಂದವು. ಅವುಗಳ ಬಳಿ ರಾಶಿಬಿದ್ದ ಚೂರುಗಳಲ್ಲಿ, ಉಳಿದು ಬಂದ ಯಾವ ಪಾತ್ರೆಯಲ್ಲಿಯೂ ಕಾಣದ ಆಕಾರಗಳಿವೆ.