ಕನ್ನಡದ ಮಿಶನರಿ ಗದ್ಯದಲ್ಲಿ ದಿನಬಳಕೆಯ ದೃಷ್ಟಾಂತ

ಏಸುವಿನ ಬೋಧನೆಯ ಬಹುಭಾಗ ಕಥೆಯ ರೂಪದಲ್ಲಿದೆ. ಬೀಜ ಬಿತ್ತುವವನು, ತಪ್ಪಿಹೋದ ಕುರಿ, ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುವ ಹೆಂಗಸು ಇವೆಲ್ಲ ಅರಮನೆಯ ಪಾತ್ರಗಳಲ್ಲ, ಗಲಿಲಾಯದ ಹಳ್ಳಿಗಳ ನಿತ್ಯದ ಬದುಕು. ಕನ್ನಡ ಬೈಬಲು ಇಂಥ ಕಥೆಗಳನ್ನು ‘ಸಾಮ್ಯ’ ಎಂದು ಕರೆಯಿತು. ಸಾಮ್ಯವೆಂದರೆ ಹೋಲಿಕೆ. ಹೋಲಿಕೆ ನಿಲ್ಲಬೇಕಾದರೆ ಹೋಲಿಸುವ ವಸ್ತು ಕೇಳುವವನ ಮನೆಯಲ್ಲಿಯೂ ಇರಬೇಕು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ವೇಳೆಗೆ ಇಡೀ ಬೈಬಲು ಕನ್ನಡದಲ್ಲಿ ದೊರೆಯಿತಾದರೂ, ಈ ಪ್ರಶ್ನೆ ಅನುವಾದದಿಂದಷ್ಟೇ ತೀರುವಂಥದಾಗಿರಲಿಲ್ಲ.

ಹುಳಿಹಿಟ್ಟಿನ ಸಾಮ್ಯವನ್ನೇ ನೋಡಬಹುದು. ಹೆಂಗಸೊಬ್ಬಳು ಮೂರು ಸೇರು ಹಿಟ್ಟಿನಲ್ಲಿ ಅಡಗಿಸಿಟ್ಟ ಸ್ವಲ್ಪ ಹುಳಿ ಹಿಟ್ಟನ್ನೆಲ್ಲ ಉಬ್ಬಿಸುವಂತೆ ದೇವರ ರಾಜ್ಯವೂ ಸದ್ದಿಲ್ಲದೆ ಬೆಳೆಯುತ್ತದೆ ಎಂಬುದು ಅದರ ಆಶಯ. ಉಬ್ಬಿದ ರೊಟ್ಟಿ ಕನ್ನಡ ನಾಡಿನ ರೂಢಿಯಲ್ಲ. ಜೋಳದ ರೊಟ್ಟಿಗೆ ಹುಳಿ ಬೇಡ. ಮೇಲಾಗಿ ಕನ್ನಡಿಗನಿಗೆ ‘ಹುಳಿ ಹಿಂಡುವುದು’ ಎಂದರೆ ಕೆಡಿಸುವುದು. ಹಾಲಿಗೆ ಹಾಕುವ ಹೆಪ್ಪು ಇಲ್ಲಿ ಹೆಚ್ಚು ಹೊಂದುತ್ತಿತ್ತೇನೋ! ಆದರೆ ಹುಳಿಯನ್ನು ಕೇಡಿನ ಗುರುತಾಗಿಯೂ ಬೈಬಲು ಬಳಸುವುದರಿಂದ ಅನುವಾದಕರಿಗೆ ಅಷ್ಟು ಸ್ವಾತಂತ್ರ್ಯವಿರಲಿಲ್ಲ.

ಬಾಸೆಲ್ ಮಿಶನ್ನಿನ ಗಾಟ್‌ಫ್ರೀಡ್ ವೈಗಲ್ 1847ರಲ್ಲಿ ‘ಯಾತ್ರಿಕನ ಸಂಚಾರ’ವನ್ನು ಕೊಟ್ಟಾಗ ಈ ತೊಡಕು ಕೆಲಮಟ್ಟಿಗೆ ಸಡಿಲವಾಯಿತು. ಮೂಲದ ಕರ್ತೃ ಜಾನ್ ಬನ್ಯನ್ ಪಾತ್ರೆಗಳಿಗೆ ತೇಪೆ ಹಾಕುವ ಕಸುಬಿನವನು. 1678ರಲ್ಲಿ ಪ್ರಕಟವಾದ ಅವನ ಕೃತಿಯಲ್ಲಿ ಗಹನ ತತ್ತ್ವಗಳೂ ಮನೆಗೆಲಸದ ಮಾತಿನಲ್ಲಿಯೇ ಬರುತ್ತವೆ. ಧೂಳು ತುಂಬಿದ ಕೋಣೆಯನ್ನು ಒಬ್ಬನು ಗುಡಿಸಲು ತೊಡಗಿದಾಗ ಧೂಳೆದ್ದು ಯಾತ್ರಿಕನಿಗೆ ಉಸಿರುಕಟ್ಟುತ್ತದೆ. ಹುಡುಗಿಯೊಬ್ಬಳು ನೀರು ಚಿಮುಕಿಸಿದ ಮೇಲೆ ಕೋಣೆ ಸುಲಭವಾಗಿ ಶುದ್ಧವಾಗುತ್ತದೆ. ಧರ್ಮಶಾಸ್ತ್ರದ ಕಟ್ಟಳೆ ಪಾಪವನ್ನು ಕೆದಕುತ್ತದೆ, ಸುವಾರ್ತೆಯ ಕೃಪೆ ಅದನ್ನು ಅಡಗಿಸುತ್ತದೆ ಎಂಬುದು ಇದರ ತಾತ್ಪರ್ಯ. ಮಣ್ಣಿನ ನೆಲದ ಮನೆಯಲ್ಲಿ ಬೆಳೆದ ಓದುಗನಿಗೆ ಇಲ್ಲಿ ಟಿಪ್ಪಣಿಯ ಅಗತ್ಯವೇ ಇರಲಿಲ್ಲ.

ಕೇಳುಗರ ಬದುಕೇ ಬದಲಾಗುತ್ತಿದ್ದುದನ್ನೂ ಮರೆಯಲಾಗದು. ಕರಾವಳಿಯಲ್ಲಿ ಈ ಮತವನ್ನು ಸ್ವೀಕರಿಸಿದವರಲ್ಲಿ ಬಿಲ್ಲವರ ಸಂಖ್ಯೆ ಗಣನೀಯವಾಗಿತ್ತು. ಸಭೆಗೆ ಸೇರಿದವರು ಶೇಂದಿ ಇಳಿಸುವ ಕಸುಬನ್ನು ಬಿಡಬೇಕಿತ್ತು. ಜೀವನೋಪಾಯ ಕಳೆದುಕೊಂಡವರಿಗಾಗಿ ಮಿಶನ್ನು ನೇಯ್ಗೆಯನ್ನೂ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿತು. ಹೊಸ ದ್ರಾಕ್ಷಾರಸವನ್ನು ಹಳೆಯ ಬುದ್ದಲಿಗಳಲ್ಲಿ ತುಂಬಬಾರದೆಂಬ ಸಾಮ್ಯವನ್ನು, ಹುಳಿಯೇರುವ ರಸದ ಬಲವನ್ನು ಅರಿತ ಈ ಜನರಿಗಿಂತ ಚೆನ್ನಾಗಿ ಬೇರಾರು ಗ್ರಹಿಸಬಲ್ಲರು? ಆ ಅರಿವು ಅವರಿಗೆ ದೊರೆತದ್ದು ಮಾತ್ರ ಅವರು ಬಿಟ್ಟುಬರಬೇಕಾಗಿದ್ದ ಕಸುಬಿನಿಂದಲೇ. ಮಿಶನರಿ ವರದಿಗಳನ್ನು ಆಧರಿಸಿದ ಚರಿತ್ರೆಗಳು ಈ ವೈರುಧ್ಯಕ್ಕೆ ಸಾಕಷ್ಟು ಗಮನ ಕೊಟ್ಟಿಲ್ಲ.

ದೇಶೀ ದೃಷ್ಟಾಂತಗಳ ಬೆಲೆಯನ್ನು ಮಿಶನರಿಗಳು ಅರಿಯದೆ ಇರಲಿಲ್ಲ. ಹೆರ್ಮನ್ ಮ್ಯೋಗ್ಲಿಂಗ್ 1843ರ ಜುಲೈ 1ರಂದು ಆರಂಭಿಸಿದ ‘ಮಂಗಳೂರ ಸಮಾಚಾರ’ದಲ್ಲಿ ಸುದ್ದಿಯೊಡನೆ ಕಥೆ, ನೀತಿಗಳಿಗೂ ಎಡೆಯಿತ್ತು, ಆತನೇ ಮುಂದೆ ದಾಸರ ಪದಗಳನ್ನು ಅಚ್ಚಿಗೆ ತಂದನು. ಫರ್ಡಿನೆಂಡ್ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿಗೆ ಅಳವಡಿಸಿದನು. ಅನ್ಯಧರ್ಮದ ಖಂಡನೆ ಒಂದು ಕೈಯಲ್ಲಿ, ಅದರ ಹಾಡು ಗಾದೆಗಳ ಸಂಗ್ರಹ ಇನ್ನೊಂದು ಕೈಯಲ್ಲಿ ಎಂಬಂಥ ಸ್ಥಿತಿ ಅದು. ಈ ಇಬ್ಬಗೆಯನ್ನು ಮೀರಿ ನಡೆದವರು ಬಾಸೆಲ್ ಮಿಶನ್ನಿನ ಪಾದ್ರಿಯೇ ಆಗಿದ್ದ ಉತ್ತಂಗಿ ಚನ್ನಪ್ಪನವರು. ಹೊಲ, ಮನೆ, ಸಂತೆಗಳ ಉಪಮೆಗಳಿಂದಲೇ ನೀತಿ ಹೇಳಿದ ಸರ್ವಜ್ಞನ ವಚನಗಳನ್ನು ಅವರು ಊರೂರು ಅಲೆದು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು.