ಕಬ್ಬಿಣದ ಕೆಂಪು (ಮಡಕೆಯ ಲೇಪ)

ಮಣ್ಣಿನ ಪಾತ್ರೆಗೆ ಕಬ್ಬಿಣದ ಆಕ್ಸೈಡಿನಿಂದ ಕೆಂಪು ಬಣ್ಣ ಬರಿಸುವ ಲೇಪ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ನುಣ್ಣನೆಯ ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ ಬಳಿಯುವುದು ಒಂದು. ಬೆಂಕಿಯಲ್ಲಿ ಕರಗಿ ಗಾಜಾಗುವ ಮೆರುಗು ಇನ್ನೊಂದು. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಸೀಮೆಯ ಕೆಂಪು ಮಡಕೆ ಮೊದಲನೆಯ ಬಗೆಯದು. ಕೆರೆಯ ಜೇಡಿಮಣ್ಣನ್ನು ತಿಗರಿಯ ಮೇಲೆ ಎತ್ತಿ, ಹಲಗೆಯಿಂದ ತಟ್ಟಿ, ಜಾಜು ಬಳಿದು, ಉಜ್ಜಿ ಹೊಳಪು ತಂದು ಆವಿಗೆಯಲ್ಲಿ ಸುಡುತ್ತಾರೆ. ಮೆರುಗಿಲ್ಲವೆಂದು ಇದನ್ನು ಕೀಳಾಗಿ ಕಾಣುವುದು ಸರಿಯಲ್ಲ. ಗಡಿಗೆಯ ಮೈಯಿಂದ ನೀರು ಜಿನುಗಿ ಆವಿಯಾಗುವುದರಿಂದಲೇ ಒಳಗಿನ ನೀರು ತಣ್ಣಗಾಗುತ್ತದೆ. ಗಾಜಿನ ಪದರ ಹತ್ತಿಸಿದರೆ ಆ ಗುಣವೇ ಹೋಗುತ್ತದೆ. ಬಿಸಿಲ ಸೀಮೆಗೆ ಬೇಕಾದದ್ದು ಜಿನುಗುವ ಮಡಕೆಯೇ.

ಈ ಭಾಗದ ಕಪ್ಪು-ಕೆಂಪಿನ ಹಳೆಯ ಕಥೆ ತಿಳಿಯಲು ಪಾವಗಡದ ವಾಯವ್ಯಕ್ಕೆ, ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಬೇಕು. ಅಶೋಕನ ಶಾಸನವಿರುವ ಈ ನೆಲೆಯಲ್ಲಿ ಮಾರ್ಟಿಮರ್ ವೀಲರ್ 1947ರಲ್ಲಿ ಉತ್ಖನನ ನಡೆಸಿದರು. ಕಲ್ಲಿನ ಕೊಡಲಿಯ ಜನ, ಬೃಹತ್ ಶಿಲಾಸಮಾಧಿಗಳ ಜನ, ಅವರ ನಂತರ ಸಾತವಾಹನ ಕಾಲದ ಜನ, ಹೀಗೆ ಮೂರು ಹಂತಗಳನ್ನು ಅವರು ಗುರುತಿಸಿದರು. ಎರಡನೆಯ ಹಂತದ ಸಮಾಧಿಗಳಲ್ಲಿ ಕಬ್ಬಿಣದ ಆಯುಧಗಳ ಜೊತೆಗೇ ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಮಡಕೆಗಳು ಸಿಕ್ಕಿವೆ. ಪಾತ್ರೆಯನ್ನು ಬೋರಲು ಹಾಕಿ ಸುಟ್ಟರೆ ಗಾಳಿ ತಾಗದ ಒಳಮೈ ಇಂಗಾಲ ಹೀರಿ ಕಪ್ಪಾಗುತ್ತದೆ, ಗಾಳಿ ತಾಗಿದ ಹೊರಮೈ ಕೆಂಪಾಗುತ್ತದೆ ಎಂಬುದು ಇದಕ್ಕೆ ಕೊಡುವ ಪ್ರಸಿದ್ಧ ವಿವರಣೆ. ಮಣ್ಣು ಒಂದೇ, ಕಬ್ಬಿಣ ಒಂದೇ; ಬಣ್ಣ ಮಾತ್ರ ಎರಡು. ಮೂರನೆಯ ಹಂತದಲ್ಲಿ ಬಿಳಿ ಗೆರೆಗಳ ಚಿತ್ರವಿರುವ ಕಾವಿಲೇಪದ ಪಾತ್ರೆಗಳು ಬರುತ್ತವೆ. ಅವುಗಳ ನಯವಾದ ಹೊಳಪನ್ನು ಕಂಡು ಗಾಜಿನ ಮೆರುಗೆಂದು ಭಾವಿಸಬಾರದು.

ಒಂದೇ ಮಣ್ಣಿಗೆ ಎರಡು ಬಣ್ಣ ಬರುವುದನ್ನು ರಸಾಯನಶಾಸ್ತ್ರವೂ ಹೀಗೆಯೇ ವಿವರಿಸುತ್ತದೆ. ಗಾಳಿ ಸಾಕಷ್ಟಿದ್ದರೆ ಕಬ್ಬಿಣ ಹೆಮಟೈಟ್ ರೂಪದಲ್ಲಿ ಕೆಂಪಾಗಿರುತ್ತದೆ. ಹೊಗೆ ಕವಿದು ಆಮ್ಲಜನಕ ಕಡಿಮೆಯಾದರೆ ಕಪ್ಪಿಗೆ ತಿರುಗುತ್ತದೆ. ಹಳ್ಳಿಯ ಆವಿಗೆಯ ಶಾಖ ಸಾಮಾನ್ಯವಾಗಿ 700ರಿಂದ 900 ಡಿಗ್ರಿ ಸೆಲ್ಸಿಯಸ್. ಅಷ್ಟರಲ್ಲಿ ಜಾಜಿನ ಕೆಂಪು ಕೆಡುವುದಿಲ್ಲ.

ಗಾಜಾಗುವ ಮೆರುಗಿನ ಮಾತು ಬೇರೆ. ಫೆಲ್ಡ್‌ಸ್ಪಾರ್, ಸುಣ್ಣಕಲ್ಲು, ಬೆಣಚುಕಲ್ಲಿನ ಪುಡಿ, ಬಿಳಿಜೇಡಿ ಸೇರಿಸಿದ ಮಿಶ್ರಣ 1,200 ಡಿಗ್ರಿ ದಾಟಿದಾಗ ಕರಗುತ್ತದೆ. ಅದರಲ್ಲಿ ಶೇ. 1–2ರಷ್ಟು ಕಬ್ಬಿಣವಿದ್ದು ಹೊಗೆಯಲ್ಲಿ ಸುಟ್ಟರೆ ತಿಳಿಹಸಿರು ಬರುತ್ತದೆ, ಶೇ. 8ರ ಆಸುಪಾಸಿನಲ್ಲಿ ಕಪ್ಪುಗಂದು. ಇನ್ನೂ ಹೆಚ್ಚಿದರೆ ಗಾಜು ಅಷ್ಟು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳಲಾರದು. ಗೂಡು ತಣಿಯುವಾಗ ಹೆಚ್ಚುವರಿ ಕಬ್ಬಿಣ ಮೇಲ್ಮೈಯಲ್ಲಿ ಕೆಂಪು ಹರಳಾಗಿ ಕೂಡುತ್ತದೆ. ಚೀನಾದ ಸಾಂಗ್ ಕಾಲದ ಕುಂಬಾರರು ಪಳಗಿಸಿಕೊಂಡಿದ್ದ ಈ ಬಗೆಯ ಬಣ್ಣವನ್ನು ಜಪಾನಿನಲ್ಲಿ ಕಾಕಿ ಎನ್ನುತ್ತಾರೆ. 20ನೇ ಶತಮಾನದಲ್ಲಿ ಅಲ್ಲಿನ ಕುಂಬಾರ ಶೋಜಿ ಹಮಾದಾ ಅದಕ್ಕೆ ಹೆಸರು ತಂದುಕೊಟ್ಟರು. ಈಗಿನ ಸ್ಟುಡಿಯೊಗಳ ಟೊಮ್ಯಾಟೊ ಕೆಂಪಿನಲ್ಲಿ ಎಲುಬಿನ ಬೂದಿ ಮತ್ತು ಬಳಪದ ಕಲ್ಲಿನ ಪುಡಿಯೂ ಸೇರುತ್ತವೆ. ಬೂದಿಯ ರಂಜಕ ಹರಳುಗಟ್ಟುವಿಕೆಗೆ ನೆರವಾಗುತ್ತದೆ. ಗೂಡನ್ನು ಬೇಗ ಆರಿಸಿದರೆ ಇದೇ ಮಿಶ್ರಣ ಕಂದಾಗಿಯೇ ಉಳಿಯಬಹುದು.

ಮೆರುಗಿನ ಮೇಲೆ ಬರೆಯುವ ಕೆಂಪು ಮೂರನೆಯ ದಾರಿ. ಅನ್ನಭೇದಿಯನ್ನು ಹುರಿದು ಪಡೆದ ನಯವಾದ ಕೆಂಪು ಪುಡಿಗೆ ಸೀಸದ ಗಾಜು ಬೆರೆಸಿ, ಸುಮಾರು 800 ಡಿಗ್ರಿಯಲ್ಲಿ ಮತ್ತೊಮ್ಮೆ ಸುಡುತ್ತಾರೆ. ಮಿಂಗ್ ದೊರೆ ಜಿಯಾಜಿಂಗ್‌ನ ಕಾಲದಲ್ಲಿ (1522–66) ಕೈಕೊಡುತ್ತಿದ್ದ ತಾಮ್ರದ ಕೆಂಪಿನ ಜಾಗವನ್ನು ಇದು ಹಿಡಿಯಿತು.

ಕನ್ನಡನಾಡಿನ ಮನೆಗಳಿಗೆ ಕಬ್ಬಿಣದ ಮೆರುಗು ಬಂದದ್ದು ಕೆಂಪಾಗಿ ಅಲ್ಲ, ಕಂದಾಗಿ: ಮೇಲರ್ಧ ಕಂದು, ಕೆಳಗೆ ಕೆನೆಬಣ್ಣದ ಉಪ್ಪಿನಕಾಯಿ ಜಾಡಿ. ವಿದ್ಯುತ್ ಕಂಬದ ಪಿಂಗಾಣಿ ಇನ್ಸುಲೇಟರಿನ ಕಂದಿಗೂ ಕಬ್ಬಿಣ, ಮ್ಯಾಂಗನೀಸುಗಳೇ ಮೂಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪಿಂಗಾಣಿ ಕಾರ್ಖಾನೆ ಮುಂದೆ ಬಿಎಚ್‌ಇಎಲ್‌ಗೆ ಸೇರಿ ಇಂಥ ಇನ್ಸುಲೇಟರ್‌ಗಳನ್ನು ತಯಾರಿಸಿತು.

ಒಂದೇ ಕಬ್ಬಿಣ ಸುಡುವ ರೀತಿಯಂತೆ ಕೆಂಪು, ಕಂದು, ಕಪ್ಪು ಆಗುವುದರಿಂದ ಎರಡು ಮಿಶ್ರಣಗಳನ್ನು ಹೋಲಿಸುವವರು ಕಬ್ಬಿಣದ ತೂಕವೊಂದನ್ನೇ ನೋಡಿದರೆ ಸಾಲದು. ಗೂಡಿನ ಶಾಖ, ಗಾಳಿ, ತಣಿಸಿದ ವೇಗ ಮೂರನ್ನೂ ಬರೆದಿಡಬೇಕು. ಬಣ್ಣ ಎಷ್ಟೇ ಚೆನ್ನಾಗಿರಲಿ, ಸೀಸ ಬೆರೆತ ಕೆಂಪನ್ನು ಹುಣಸೆಹುಳಿ, ಉಪ್ಪಿನಕಾಯಿ, ಮಜ್ಜಿಗೆ ಇಡುವ ಪಾತ್ರೆಯ ಒಳಮೈಗೆ ಬಳಸಬಾರದು. ಹುಳಿ ಸೀಸವನ್ನು ಕರಗಿಸಿ ಆಹಾರಕ್ಕೆ ಇಳಿಸುತ್ತದೆ.